ಅರ್ಧದೇವನ ಉಳಿದರ್ಧ: ಅಮೆರಿಕದ ಚಿತ್ರಕಥೆಗಳಲ್ಲಿ ಹರ್ಕ್ಯುಲಿಸ್

1

ಸೂಪರ್‌ಹೀರೊಗಳು ನಮ್ಮ ಕಾಲದ ಪುರಾಣಪುರುಷರು ಎಂಬ ಮಾತು ಜನಪ್ರಿಯ ಸಂಸ್ಕೃತಿಯ ಅಧ್ಯಯನಗಳಲ್ಲಿ ಎಷ್ಟು ಬಳಕೆಗೆ ಬಂದಿದೆಯೆಂದರೆ, ಅದನ್ನು ಪರೀಕ್ಷಿಸಿ ನೋಡುವ ಅಗತ್ಯ ಯಾರಿಗೂ ಕಂಡಂತಿಲ್ಲ. ಸಾಮಾನ್ಯವಾಗಿ ಈ ಮಾತಿಗೆ ಉದಾಹರಣೆಯಾಗಿ ಒದಗುವವನು ಸೂಪರ್‌ಮ್ಯಾನ್. ಆದರೆ ಸೂಪರ್‌ಮ್ಯಾನ್ ಪುರಾಣದಿಂದ ಬಂದವನಲ್ಲ. ಪುರಾಣದೊಡನೆ ಅವನನ್ನು ಹೋಲಿಸುವುದು ವಿಮರ್ಶಕನ ಕೆಲಸ. ಪುರಾಣಪುರುಷನೇ ತನ್ನ ಹೆಸರು, ವಂಶ, ಆಯುಧಗಳ ಸಮೇತ ಚಿತ್ರಕಥೆಯ ಪುಟಗಳಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಪರಿಶೀಲಿಸಿದರೆ ಮೇಲಿನ ಮಾತಿನ ನಿಜ ಸುಳ್ಳುಗಳು ಹೆಚ್ಚು ಸ್ಪಷ್ಟವಾದಾವು. ಈ ದೃಷ್ಟಿಯಿಂದ ಮಾರ್ವೆಲ್ ಸಂಸ್ಥೆಯ ಚಿತ್ರಕಥೆಗಳಲ್ಲಿ 1965ರಿಂದ ಕಾಣಿಸಿಕೊಳ್ಳುತ್ತಿರುವ ಹರ್ಕ್ಯುಲಿಸ್‌ನ ಪಾತ್ರವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಗೊಂದಲವಾಗದಿರಲೆಂದು ಗ್ರೀಕ್ ಪುರಾಣದ ವೀರನನ್ನು ಹೆರಾಕ್ಲೀಸ್ ಎಂದೂ ಚಿತ್ರಕಥೆಯವನನ್ನು ಅವನ ರೋಮನ್ ಹೆಸರಿನಿಂದ ಹರ್ಕ್ಯುಲಿಸ್ ಎಂದೂ ಕರೆಯುತ್ತೇನೆ. ಈ ಎರಡು ಹೆಸರುಗಳ ನಡುವಿನ ಅಂತರವೇ ಒಂದರ್ಥದಲ್ಲಿ ಈ ಲೇಖನದ ವಸ್ತು.

2

ಹೆರಾಕ್ಲೀಸ್ ಝ್ಯೂಸ್‌ನಿಂದ ಆಲ್ಕ್‌ಮೀನೆ ಎಂಬ ಮಾನವಸ್ತ್ರೀಯಲ್ಲಿ ಹುಟ್ಟಿದವನು. ಇಂಥವರನ್ನು ಗ್ರೀಕರು ಅರ್ಧದೇವರೆಂದು ಕರೆದರು. ಹೆಸಿಯಡ್ ಕವಿಯಲ್ಲಿ ಈ ಹೆಸರು ಥೀಬ್ಸ್ ಮತ್ತು ಟ್ರಾಯ್‌ಗಳಲ್ಲಿ ಹೋರಾಡಿ ಅಳಿದುಹೋದ ಒಂದು ತಲೆಮಾರಿಗೆ ಸಲ್ಲುತ್ತದೆ. ‘ಅರ್ಧದೇವ’ ಎಂದರೆ ಮನುಷ್ಯನಿಗಿಂತ ಹೆಚ್ಚಿನವನು ಎಂದು ನಾವು ಸಲೀಸಾಗಿ ಅರ್ಥಮಾಡಿಕೊಳ್ಳುತ್ತೇವೆ. ಗ್ರೀಕರ ಬಳಕೆಯಲ್ಲಿ ಅದರ ಒತ್ತು ಇನ್ನೊಂದು ಕಡೆಗೂ ಇದೆ. ತಂದೆ ದೇವನಾದರೂ ಇವನು ಸಾಯುವವನು. ‘ಇಲಿಯಡ್’ ಮಹಾಕಾವ್ಯದ ಹದಿನೆಂಟನೆಯ ಸರ್ಗದಲ್ಲಿ ಅಖಿಲೀಸ್ ತನ್ನ ಸಾವನ್ನು ಒಪ್ಪಿಕೊಳ್ಳುವಾಗ ತಾಯಿಯೆದುರು ನೆನೆಯುವುದು ಹೆರಾಕ್ಲೀಸನನ್ನೇ. ಝ್ಯೂಸ್‌ಗೆ ಅಷ್ಟು ಪ್ರಿಯನಾಗಿದ್ದವನೂ ಮರಣವನ್ನು ತಪ್ಪಿಸಿಕೊಳ್ಳಲಿಲ್ಲವೆಂಬುದು ಅವನಿಗೆ ಸಮಾಧಾನ.

ಆದರೆ ಅದೇ ಪರಂಪರೆಯಲ್ಲಿ ಹೆರಾಕ್ಲೀಸ್ ದೇವನೂ ಹೌದು. ಈಟಾ ಪರ್ವತದ ಮೇಲಿನ ಚಿತೆಯಿಂದ ಅವನು ಒಲಿಂಪಸ್‌ಗೆ ಏರಿದ, ಹೀಬೆ ಎಂಬ ದೇವತೆಯನ್ನು ವರಿಸಿದ. ಹಾಗಾದರೆ ಅವನು ಸತ್ತನೋ ಇಲ್ಲವೋ? ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ವಿಚಿತ್ರವಾದುದು. ಒಡಿಸ್ಯೂಸ್ ಪ್ರೇತಲೋಕದಲ್ಲಿ ಹೆರಾಕ್ಲೀಸನನ್ನು ಕಾಣುತ್ತಾನೆ. ಆದರೆ ಕಂಡದ್ದು ಅವನ ಛಾಯೆಯನ್ನು ಮಾತ್ರ, ಅವನು ಸ್ವತಃ ದೇವತೆಗಳ ನಡುವೆ ಔತಣದಲ್ಲಿದ್ದಾನೆ ಎಂಬ ವಿವರಣೆ ಅಲ್ಲಿಯೇ ಬರುತ್ತದೆ. ಆ ಛಾಯೆ ಬಿಲ್ಲಿಗೆ ಬಾಣ ಹೂಡಿಕೊಂಡೇ ಸುತ್ತ ನೋಡುತ್ತದೆ, ಒಡಿಸ್ಯೂಸನನ್ನು ಗುರುತಿಸಿ ತನಗಿಂತ ಕೀಳಾದವನೊಬ್ಬನ ಕೈಕೆಳಗೆ ದುಡಿದ ಕಷ್ಟವನ್ನು ಹೇಳಿಕೊಳ್ಳುತ್ತದೆ. ಈ ಸಾಲುಗಳು ಪ್ರಕ್ಷಿಪ್ತವೆಂದು ಪ್ರಾಚೀನ ವಿದ್ವಾಂಸರೇ ಶಂಕಿಸಿದ್ದರು. ಪ್ರಕ್ಷಿಪ್ತವೇ ಆಗಿದ್ದರೂ ಅವುಗಳ ಮಹತ್ವ ಕಡಿಮೆಯಾಗುವುದಿಲ್ಲ. ಯಾರೋ ಒಬ್ಬನಿಗೆ ಹೆರಾಕ್ಲೀಸನನ್ನು ಎರಡು ಕಡೆ ಇರಿಸದೆ ಕಥೆ ಪೂರ್ಣವಾಗಲಿಲ್ಲ.

ಇದು ಕೇವಲ ಕವಿಕಲ್ಪನೆಯಲ್ಲ, ಆರಾಧನೆಯ ವಾಸ್ತವವೂ ಆಗಿತ್ತು. ಹೆರಾಕ್ಲೀಸನಿಗೆ ಎರಡು ಗುಡಿಗಳನ್ನು ಕಟ್ಟಿ, ಒಂದರಲ್ಲಿ ಅಮರನಾದ ಒಲಿಂಪಿಯನ್ ದೇವನೆಂದೂ ಇನ್ನೊಂದರಲ್ಲಿ ಮೃತವೀರನೆಂದೂ ಪೂಜಿಸುವ ಗ್ರೀಕರ ನಡೆ ಸರಿಯಾದುದೆಂದು ಇತಿಹಾಸಕಾರ ಹೆರೊಡೋಟಸ್ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ಹೇಳುತ್ತಾನೆ. ಸಿಕ್ಯೋನ್ ಎಂಬ ಊರಿನಲ್ಲಿ ಒಂದೇ ಕುರಿಮರಿಯ ಬಲಿಯಲ್ಲಿ ಎರಡೂ ವಿಧಿಗಳು ನಡೆಯುತ್ತಿದ್ದುದನ್ನು ಪ್ರವಾಸಿ ಪಾಸೇನಿಯಸ್ ದಾಖಲಿಸಿದ್ದಾನೆ: ಮಾಂಸದ ಒಂದು ಪಾಲು ದೇವರಿಗೆಂಬಂತೆ, ಇನ್ನೊಂದು ಪಾಲು ವೀರನಿಗೆಂಬಂತೆ. ಪಿಂಡಾರ್ ಕವಿ ‘ವೀರ’, ‘ದೇವ’ ಎಂಬೆರಡು ಪದಗಳನ್ನು ಒಟ್ಟಿಗೆ ಇಟ್ಟು ಅವನನ್ನು ಕರೆಯುತ್ತಾನೆ. ನಮ್ಮ ವೀರಗಲ್ಲುಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಕೆಳಗಿನ ಪಟ್ಟಿಕೆಯಲ್ಲಿ ಕಾದಿ ಬೀಳುವವನೂ ಮೇಲಿನ ಪಟ್ಟಿಕೆಯಲ್ಲಿ ದೇವಸಾನ್ನಿಧ್ಯದಲ್ಲಿ ಕುಳಿತವನೂ ಒಬ್ಬನೇ. ಕೆಳಗಿನದನ್ನು ಅಳಿಸಿದರೆ ಮೇಲಿನದಕ್ಕೆ ಅರ್ಥವಿಲ್ಲ. ಎರಡು ಸಂಸ್ಕೃತಿಗಳ ನಡುವೆ ಪ್ರಭಾವವನ್ನು ಹುಡುಕಲು ಈ ಮಾತನ್ನು ಹೇಳುತ್ತಿಲ್ಲ; ಗ್ರೀಕರ ದ್ವಂದ್ವವನ್ನು ಹತ್ತಿರದಿಂದ ನೋಡಲು ಇದೊಂದು ಅನುಕೂಲ, ಅಷ್ಟೆ.

ಹೆರಾಕ್ಲೀಸನ ಮಾನವ ಭಾಗದಲ್ಲಿ ಸಾವಿನ ಜೊತೆಗೆ ಇನ್ನೊಂದು ಸಂಗತಿ ಇದೆ. ಹೀರಾ ದೇವಿ ಬರಿಸಿದ ಉನ್ಮಾದದಲ್ಲಿ ಅವನು ತನ್ನ ಮಕ್ಕಳನ್ನು ಕೊಲ್ಲುತ್ತಾನೆ. ಅಪೊಲೊಡೋರಸ್‌ನ ಹೆಸರಿನಲ್ಲಿ ದೊರೆಯುವ ಪುರಾಣಸಂಗ್ರಹದ ಪ್ರಕಾರ ಯೂರಿಸ್ಥ್ಯೂಸ್ ರಾಜನಿಗಾಗಿ ಅವನು ಮಾಡಿದ ಹನ್ನೆರಡು ಸಾಹಸಗಳು ಈ ಪಾಪದ ಪರಿಹಾರಕ್ಕಾಗಿ ನಡೆದವು. ಯೂರಿಪಿಡೀಸ್ ತನ್ನ ‘ಹೆರಾಕ್ಲೀಸ್’ ನಾಟಕದಲ್ಲಿ ಈ ಕ್ರಮವನ್ನೇ ತಿರುವಿಹಾಕುತ್ತಾನೆ. ಅಲ್ಲಿ ಸಾಹಸಗಳೆಲ್ಲ ಮುಗಿದು, ಲೋಕವನ್ನು ನಿಷ್ಕಂಟಕಗೊಳಿಸಿ, ಪ್ರೇತಲೋಕದಿಂದಲೂ ಮರಳಿ, ಹೆಂಡತಿ ಮಕ್ಕಳನ್ನು ಶತ್ರುವಿನಿಂದ ಉಳಿಸಿಕೊಂಡ ಮೇಲೆ ಹುಚ್ಚು ಹಿಡಿಯುತ್ತದೆ. ಉಳಿಸಿಕೊಂಡವರನ್ನೇ ಅವನು ಕೊಲ್ಲುತ್ತಾನೆ. ಪ್ರಾಯಶ್ಚಿತ್ತಕ್ಕೆ ಸಾಹಸಗಳೇ ಉಳಿದಿಲ್ಲ. ಗೆಳೆಯ ಥೀಸ್ಯೂಸನ ಹೆಗಲನ್ನು ಆಸರೆಯಾಗಿ ಹಿಡಿದು ಅಥೆನ್ಸ್‌ಗೆ ನಡೆದುಹೋಗುವುದಷ್ಟೇ ಅವನಿಗೆ ಉಳಿದ ದಾರಿ. ಬಲವೆಂಬುದು ರಕ್ಷಿಸಿದ ಕೈಯಿಂದಲೇ ನಾಶಮಾಡಬಲ್ಲದು ಎಂಬ ಅರಿವನ್ನು ಇಷ್ಟು ನಿರ್ದಯವಾಗಿ ಹೇಳಿದ ಇನ್ನೊಂದು ಕೃತಿ ಆ ರಂಗಭೂಮಿಯಲ್ಲಿಯೂ ವಿರಳ.

3

1965ರ ‘ಜರ್ನಿ ಇನ್‌ಟು ಮಿಸ್ಟರಿ’ ಮಾಲಿಕೆಯ ಮೊದಲ ವಾರ್ಷಿಕ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಹರ್ಕ್ಯುಲಿಸ್‌ನನ್ನು ಪರಿಚಯಿಸಿದರು. ಅದಕ್ಕೂ ಮುಂಚೆ, 1964ರ ‘ಅವೆಂಜರ್ಸ್’ ಹತ್ತನೆಯ ಸಂಚಿಕೆಯಲ್ಲಿ ಈ ಹೆಸರಿನವನೊಬ್ಬ ಬಂದುಹೋಗಿದ್ದ. ಅವನು ನಿಜವಾದ ಹರ್ಕ್ಯುಲಿಸ್ ಅಲ್ಲವೆಂದು ಮುಂದೆ ತೀರ್ಮಾನವಾಯಿತು. ವಾರ್ಷಿಕ ಸಂಚಿಕೆಯ ಕಥಾವಸ್ತು ಅತ್ಯಂತ ಸರಳ. ನಾರ್ಸ್ ಪುರಾಣದ ಥಾರ್ ದಾರಿತಪ್ಪಿ ಒಲಿಂಪಸ್‌ನ ಸೀಮೆಗೆ ಬರುತ್ತಾನೆ. ಸೇತುವೆಯೊಂದರ ಮೇಲೆ ಹರ್ಕ್ಯುಲಿಸ್ ಎದುರಾಗುತ್ತಾನೆ. ಯಾರು ಯಾರಿಗೆ ದಾರಿ ಬಿಡಬೇಕೆಂಬುದೇ ಜಗಳ. ಕೊನೆಗೆ ಝ್ಯೂಸ್ ಬಂದು ಬಿಡಿಸುತ್ತಾನೆ. 1966ರ ‘ಥಾರ್’ 126ನೆಯ ಸಂಚಿಕೆಯಲ್ಲಿ ಇವರ ಎರಡನೆಯ ಕಾಳಗ ಭೂಮಿಯ ಮೇಲೆ ನಡೆಯುತ್ತದೆ. ಓಡಿನ್ ತನ್ನ ಮಗನ ಬಲವನ್ನು ಅರ್ಧಕ್ಕಿಳಿಸಿದ್ದರಿಂದ ಥಾರ್ ಸೋಲುತ್ತಾನೆ.

ಈ ಹರ್ಕ್ಯುಲಿಸ್ ಗಹಗಹಿಸಿ ನಗುವವನು, ಉಣಿಸು ಮದ್ಯಗಳ ಪ್ರಿಯ, ಜಗಳವನ್ನು ಆಟವೆಂದು ಭಾವಿಸುವವನು, ಹೊಗಳಿಕೆಗೆ ಸುಲಭವಾಗಿ ಸಿಲುಕುವವನು. ಪುರಾಣದ ಗಂಭೀರ ವೀರನನ್ನು ಅಮೆರಿಕದ ಮಾರುಕಟ್ಟೆ ವಿದೂಷಕನನ್ನಾಗಿಸಿತು ಎಂಬ ಆಕ್ಷೇಪಣೆ ಇಲ್ಲಿ ಸಹಜವಾಗಿ ಏಳುತ್ತದೆ. ಆದರೆ ಈ ಆಕ್ಷೇಪಣೆ ನಿಲ್ಲುವುದಿಲ್ಲ. ಗ್ರೀಕ್ ರಂಗಭೂಮಿಯಲ್ಲಿಯೇ ಹೆರಾಕ್ಲೀಸ್ ಹೊಟ್ಟೆಬಾಕನಾಗಿ ಪ್ರಸಿದ್ಧನಾಗಿದ್ದ. ಅರಿಸ್ಟೊಫನೀಸ್‌ನ ‘ಕಪ್ಪೆಗಳು’ ಪ್ರಹಸನದಲ್ಲಿ (ಕ್ರಿ.ಪೂ. 405) ಅವನ ವೇಷ ತೊಟ್ಟು ಪ್ರೇತಲೋಕಕ್ಕೆ ಹೋದ ಡಯೊನೈಸಸ್, ಹಿಂದೊಮ್ಮೆ ಹೆರಾಕ್ಲೀಸ್ ಅಲ್ಲಿ ತಿಂದು ಹಣ ಕೊಡದೆ ಹೋದ ಛತ್ರದ ಹೆಂಗಸರಿಂದ ಬೈಸಿಕೊಳ್ಳುತ್ತಾನೆ. ಯೂರಿಪಿಡೀಸನ ‘ಆಲ್ಸೆಸ್ಟಿಸ್’ನಲ್ಲಿ (ಕ್ರಿ.ಪೂ. 438) ಸಾವಾಗಿರುವ ಮನೆಯಲ್ಲಿ ಅದನ್ನರಿಯದೆ ಕುಡಿದು ಹಾಡುವ ಅತಿಥಿ ಇವನೇ, ನಿಜ ತಿಳಿದೊಡನೆ ಎದ್ದುಹೋಗಿ ಮೃತ್ಯುವಿನೊಡನೆ ಕುಸ್ತಿ ಹಿಡಿದು ಸತ್ತವಳನ್ನು ಮರಳಿ ತರುವವನೂ ಇವನೇ. ಆದುದರಿಂದ ಲೀ ಮತ್ತು ಕರ್ಬಿ ಪಾತ್ರವನ್ನು ಕೆಡಿಸಿದರೆನ್ನುವುದಕ್ಕಿಂತ, ಉದ್ದೇಶಪೂರ್ವಕವಾಗಿಯೋ ಅಲ್ಲದೆಯೋ, ಅದರ ಒಂದು ಪ್ರಾಚೀನ ಮುಖವನ್ನೇ ಎತ್ತಿಕೊಂಡರೆನ್ನಬೇಕು.

ಕೊರತೆ ಇರುವುದು ಬೇರೆ ಕಡೆ. ಇವರ ಹರ್ಕ್ಯುಲಿಸ್ ಅರ್ಧದೇವನಲ್ಲ, ಪೂರ್ತಿ ದೇವ. ಕಥೆ ತೊಡಗುವ ಹೊತ್ತಿಗೆ ಅವನು ಒಲಿಂಪಸ್‌ನ ನಿವಾಸಿ. ಚಿತೆ ಎಂದೋ ಉರಿದು ತಣ್ಣಗಾಗಿದೆ. ಒಡಿಸ್ಯೂಸ್ ಕಂಡ ಇಬ್ಬರಲ್ಲಿ ಔತಣದಲ್ಲಿ ಕುಳಿತವನನ್ನು ಚಿತ್ರಕಥೆ ಕರೆತಂದಿತು. ಕತ್ತಲಲ್ಲಿ ಬಾಣ ಹೂಡಿ ನಿಂತವನು ಅಲ್ಲಿಯೇ ಉಳಿದ.

ಈ ಕೊರತೆಯನ್ನು ಲೇಖಕರೇ ಅರೆಪ್ರಜ್ಞೆಯಲ್ಲಿ ಬಲ್ಲವರಾಗಿದ್ದರೇನೋ ಎಂಬ ಅನುಮಾನಕ್ಕೆ 1966ರ ಮುಂದಿನ ಸಂಚಿಕೆಗಳು ಎಡೆಗೊಡುತ್ತವೆ. ಥಾರ್‌ನನ್ನು ಸೋಲಿಸಿ ಖ್ಯಾತನಾದ ಹರ್ಕ್ಯುಲಿಸ್‌ಗೆ ಹಾಲಿವುಡ್‌ನಿಂದ ಕರೆ ಬರುತ್ತದೆ. ಚಲನಚಿತ್ರದಲ್ಲಿ ನಟಿಸಲು ಅವನು ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ನಿರ್ಮಾಪಕನ ವೇಷದಲ್ಲಿರುವವನು ಪ್ರೇತಲೋಕದ ಅಧಿಪತಿ ಪ್ಲೂಟೊ. ಸಹಿ ಬಿದ್ದದ್ದು ಅವನ ಬದಲು ಆ ಲೋಕವನ್ನು ಆಳುವ ಕರಾರಿಗೆ. ಪಿಯೆತ್ರೊ ಫ್ರಾನ್ಚೀಶಿ ನಿರ್ದೇಶಿಸಿ ಸ್ಟೀವ್ ರೀವ್ಸ್ ನಟಿಸಿದ ಇಟಲಿಯ ಹರ್ಕ್ಯುಲಿಸ್ ಚಿತ್ರ 1958ರಲ್ಲಿ ತಯಾರಾಗಿ ಮರುವರ್ಷ ಅಮೆರಿಕದಲ್ಲಿ ಅಪಾರ ಪ್ರಚಾರದೊಡನೆ ತೆರೆಕಂಡಿತ್ತು. ಅದರ ಬೆನ್ನಿಗೇ ಇಂಥ ಚಿತ್ರಗಳ ಸಾಲೇ ಬಂದಿತು. ಆ ಓದುಗರಿಗೆ ಹರ್ಕ್ಯುಲಿಸ್ ಎಂದರೆ ಮೊದಲಿಗೆ ಒಂದು ಸಿನಿಮಾ ಪಾತ್ರ. ತನ್ನದೇ ಪಾತ್ರವನ್ನು ಅಭಿನಯಿಸಲು ಒಪ್ಪಿದ ದೇವರು ಆ ಸಹಿಯಿಂದಲೇ ಸತ್ತವರ ನಾಡಿಗೆ ಬಂಧಿತನಾಗುತ್ತಾನೆಂಬ ಕಲ್ಪನೆಯಲ್ಲಿ ಒಳ್ಳೆಯ ವ್ಯಂಗ್ಯವಿದೆ. ಕರಾರಿನ ಪ್ರಕಾರ ಅವನ ಪರವಾಗಿ ಬೇರೊಬ್ಬ ಹೋರಾಡಿದರೆ ಮಾತ್ರ ಬಿಡುಗಡೆ. ಥಾರ್ ಆ ಕೆಲಸ ಮಾಡುತ್ತಾನೆ. ತನ್ನ ರಾಜ್ಯ ಧ್ವಂಸವಾಗುವುದನ್ನು ನೋಡಲಾರದೆ ಪ್ಲೂಟೊ ಕರಾರನ್ನು ಕೈಬಿಡುತ್ತಾನೆ.

ಇಲ್ಲಿ ಸ್ಥಾನಪಲ್ಲಟವನ್ನು ಗಮನಿಸಬೇಕು. ಗ್ರೀಕ್ ಕಥೆಗಳಲ್ಲಿ ಪ್ರೇತಲೋಕಕ್ಕೆ ನುಗ್ಗಿ ಇತರರನ್ನು ಬಿಡಿಸುವವನು ಹೆರಾಕ್ಲೀಸ್: ಆಲ್ಸೆಸ್ಟಿಸ್‌ಳನ್ನು, ಥೀಸ್ಯೂಸನನ್ನು. ಲೀ ಮತ್ತು ಕರ್ಬಿಯಲ್ಲಿ ಅವನೇ ಬಿಡಿಸಿಕೊಳ್ಳಬೇಕಾದವನು. ಪ್ರೇತಲೋಕದಲ್ಲಿ ಅವನ ಹೆಸರಿಗೆ ಬರೆದಿಟ್ಟ ಒಂದು ಸ್ಥಾನವಿದೆ ಎಂಬ ಹಳೆಯ ನೆನಪು ಹಾಸ್ಯದ ವೇಷದಲ್ಲಿ ಇಲ್ಲಿ ಮರಳಿದೆ. ಆದರೆ ನಾಲ್ಕಾರು ತಿಂಗಳ ಸಂಚಿಕೆಗಳಲ್ಲಿ ಅದು ಇತ್ಯರ್ಥವಾಗಿ, ಹರ್ಕ್ಯುಲಿಸ್ 1967ರಲ್ಲಿ ‘ಅವೆಂಜರ್ಸ್’ ಪಡೆಯ ಸದಸ್ಯನಾಗುತ್ತಾನೆ.

4

ಹಾಗಾದರೆ ಹೆರಾಕ್ಲೀಸನ ಉಳಿದರ್ಧ ಎಲ್ಲಿಗೆ ಹೋಯಿತು? ಅದು ಕಳೆದುಹೋಗಲಿಲ್ಲ, ಹಂಚಿಹೋಯಿತು ಎಂಬುದು ನನ್ನ ಅಭಿಪ್ರಾಯ. 1940ರಲ್ಲಿ ಬಂದ ಕ್ಯಾಪ್ಟನ್ ಮಾರ್ವೆಲ್ ಎಂಬ ನಾಯಕನ ಮಂತ್ರಶಬ್ದ ‘ಶಜಾಮ್’. ಅದರ ಒಂದೊಂದು ಅಕ್ಷರಕ್ಕೂ ಒಬ್ಬೊಬ್ಬ ಪುರಾಣಪುರುಷ. ಅದರಲ್ಲಿ ಹರ್ಕ್ಯುಲಿಸ್‌ನಿಂದ ಬರುವುದು ದೇಹಬಲವೊಂದೇ. 1941ರಲ್ಲಿ ಮಾರ್ಸ್‌ಟನ್ ಸೃಷ್ಟಿಸಿದ ವಂಡರ್ ವುಮನ್ ಕಥೆಯಲ್ಲಿ ಅವನು ಅಮೆಜಾನ್ ಸ್ತ್ರೀಯರನ್ನು ಮೋಸದಿಂದ ಸೆರೆಹಿಡಿಯುವ ಖಳ. ಹಿಪ್ಪೊಲಿಟೆಯ ಸೊಂಟಪಟ್ಟಿಯನ್ನು ತಂದ ಸಾಹಸವನ್ನು ಗೆದ್ದವನ ಕಡೆಯಿಂದಲ್ಲದೆ ಸೋತವರ ಕಡೆಯಿಂದ ನೋಡಿದ ಈ ಓದು, ಹರ್ಕ್ಯುಲಿಸ್‌ನನ್ನೇ ನಾಯಕನಾಗಿಸಿದ ಎಷ್ಟೋ ಕಥೆಗಳಿಗಿಂತ ತೀಕ್ಷ್ಣವಾಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಲ್ಕ್. ಇದೇ ಲೀ ಮತ್ತು ಕರ್ಬಿ 1962ರಲ್ಲಿ ಸೃಷ್ಟಿಸಿದ ಈ ಪಾತ್ರದಲ್ಲಿ ಎಲ್ಲೆಯಿಲ್ಲದ ಬಲವಿದೆ, ಮೇಲೆರಗಿ ಬರುವ ಉನ್ಮಾದವಿದೆ, ತಿಳಿವು ಮರಳಿದಾಗ ತಾನೇನು ಮಾಡಿದೆನೆಂಬ ಭಯವಿದೆ. ಯೂರಿಪಿಡೀಸನ ಹೆರಾಕ್ಲೀಸ್ ಹುಚ್ಚಿಳಿದು ಕಂಬಕ್ಕೆ ಕಟ್ಟಲ್ಪಟ್ಟವನಾಗಿ ಎಚ್ಚರಗೊಂಡು ಸುತ್ತಲಿನ ಶವಗಳನ್ನು ಅರ್ಥವಾಗದೆ ನೋಡುವ ದೃಶ್ಯಕ್ಕೆ ಅಮೆರಿಕದ ಚಿತ್ರಕಥೆಗಳಲ್ಲಿ ಸಮೀಪದ ಬಂಧುವನ್ನು ಹುಡುಕಿದರೆ ದೊರೆಯುವವನು ಹರಿದ ಬಟ್ಟೆಯಲ್ಲಿ ಕಣ್ಣುಬಿಡುವ ಬ್ರೂಸ್ ಬ್ಯಾನರ್. ಉನ್ಮಾದವನ್ನು ಹಲ್ಕ್‌ಗೆ ಕೊಟ್ಟು ಮುಗಿದಿದ್ದ ಮೇಲೆ ಹರ್ಕ್ಯುಲಿಸ್‌ಗೆ ನಗುವಲ್ಲದೆ ಬೇರೇನು ಉಳಿದೀತು?

ಧಾರಾವಾಹಿಯ ಸ್ವರೂಪವೂ ಇಲ್ಲಿ ಕೆಲಸಮಾಡಿದೆ. 1962ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಉಂಬೆರ್ಟೊ ಇಕೊ ಸೂಪರ್‌ಮ್ಯಾನ್‌ನನ್ನು ಚರ್ಚಿಸುತ್ತ, ಪುರಾಣಪುರುಷನ ಕಥೆ ಮೊದಲೇ ನಡೆದುಹೋದದ್ದು, ಅವನ ಮೂರ್ತಿಯನ್ನು ನೋಡುವವನಿಗೆ ಅದು ಗೊತ್ತಿರುವಂಥದು ಎಂದು ವಿವೇಚಿಸುತ್ತಾನೆ. ಹರ್ಕ್ಯುಲಿಸ್‌ನ ಉದಾಹರಣೆ ಅಲ್ಲಿಯೂ ಬರುತ್ತದೆ. ಚಿತ್ರಕಥೆಯ ನಾಯಕನಾದರೋ ಪ್ರತಿ ತಿಂಗಳೂ ಹೊಸದೇನನ್ನೋ ಮಾಡಬೇಕು, ಆದರೆ ಮಾಡಿದ್ದರಿಂದ ಸವೆಯಬಾರದು. ಏಕೆಂದರೆ ಸವೆಯುವುದೆಂದರೆ ಸಾವಿನತ್ತ ಒಂದು ಹೆಜ್ಜೆ. ಇಕೊ ಬೇರೆ ಬೇರೆಯಾಗಿ ಇಟ್ಟ ಈ ಎರಡೂ ಮಾದರಿಗಳು ಮಾರ್ವೆಲ್‌ನ ಹರ್ಕ್ಯುಲಿಸ್‌ನಲ್ಲಿ ಒಂದೇ ದೇಹದಲ್ಲಿವೆ. ಅವನ ಕಥೆ ಎಲ್ಲರಿಗೂ ತಿಳಿದಿದೆ, ಅದಕ್ಕೊಂದು ಚಿತೆಯಿದೆ. ಆದರೂ ಮುಂದಿನ ತಿಂಗಳ ಸಂಚಿಕೆ ಹೊರಬರಲೇಬೇಕು. ಬಾಬ್ ಲೇಟನ್ 1982ರಲ್ಲಿ ನಾಲ್ಕು ಸಂಚಿಕೆಗಳ ಮಾಲಿಕೆಯೊಂದನ್ನು ಬರೆದು ಚಿತ್ರಿಸಿ, ಹರ್ಕ್ಯುಲಿಸ್‌ನನ್ನು ಇಪ್ಪತ್ತನಾಲ್ಕನೆಯ ಶತಮಾನದ ಅಂತರಿಕ್ಷಕ್ಕೆ ಕಳುಹಿಸಿದ್ದು ಈ ಇಕ್ಕಟ್ಟಿನಿಂದ ಜಾಣತನದಿಂದ ನುಣುಚಿಕೊಂಡ ಬಗೆ. ಓದಲು ಸೊಗಸಾದ ಕೃತಿ. ಪ್ರಶ್ನೆಯನ್ನು ಮಾತ್ರ ಮುಟ್ಟುವುದಿಲ್ಲ.

5

ಪ್ರಶ್ನೆಯನ್ನು ಮೊದಲು ಮುಟ್ಟಿದ್ದು ರೋಜರ್ ಸ್ಟರ್ನ್ ಬರೆದು ಜಾನ್ ಬುಸೆಮಾ ಚಿತ್ರಿಸಿದ ‘ಅವೆಂಜರ್ಸ್’ ಕಥಾನಕ (1986–87). ಪಡೆಯ ನಾಯಕತ್ವ ವಾಸ್ಪ್ ಎಂಬ ಹೆಣ್ಣಿನ ಕೈಯಲ್ಲಿರುವುದು ಹರ್ಕ್ಯುಲಿಸ್‌ಗೆ ಸಹನೆಯಾಗುವುದಿಲ್ಲ. ಹೆರಾಕ್ಲೀಸ್ ಲಿಡಿಯಾದ ರಾಣಿ ಆಂಫಲೆಗೆ ದಾಸನಾಗಿದ್ದ ಪ್ರಸಂಗವನ್ನು ಬಲ್ಲ ಓದುಗನಿಗೆ ಈ ಅಸಹನೆಯಲ್ಲಿ ಹಳೆಯ ಗಾಯವೊಂದು ಕಂಡೀತು. ಅವನು ಕುಡಿದ ಮತ್ತಿನಲ್ಲಿ ಆಜ್ಞೆಯನ್ನು ಮೀರಿ ಶತ್ರುಗಳು ವಶಪಡಿಸಿಕೊಂಡಿರುವ ಭವನಕ್ಕೆ ಒಬ್ಬನೇ ನುಗ್ಗುತ್ತಾನೆ. ಹಲವರು ಸೇರಿ ಅವನನ್ನು ಬಡಿದು ಪ್ರಜ್ಞೆಯಿಲ್ಲದಂತೆ ಮಾಡುತ್ತಾರೆ. ಇಪ್ಪತ್ತು ವರ್ಷ ಪಾನಪ್ರಿಯತೆಯನ್ನು ವಿನೋದವಾಗಿ ಕಂಡಿದ್ದ ಕಥೆ ಇಲ್ಲಿ ಅದಕ್ಕೆ ಬೆಲೆ ತೆರುವಂತೆ ಮಾಡುತ್ತದೆ. ಮನುಷ್ಯರ ಆಸ್ಪತ್ರೆಯ ಮಂಚದ ಮೇಲೆ ದೇವರೊಬ್ಬ ಮಲಗಿದ್ದಾನೆ, ಅವನು ಬದುಕುವನೆಂಬ ಭರವಸೆ ಯಾರಿಗೂ ಇಲ್ಲ. ಮಗನ ಈ ಸ್ಥಿತಿಗೆ ಝ್ಯೂಸ್ ‘ಅವೆಂಜರ್ಸ್’ ಪಡೆಯನ್ನೇ ಹೊಣೆಮಾಡಿ ಶಿಕ್ಷಿಸಲು ಹೊರಡುವ ಮುಂದಿನ ಭಾಗ ಮತ್ತೆ ಸಾಮಾನ್ಯ ಕಾಳಗಗಳ ಮಟ್ಟಕ್ಕೆ ಇಳಿಯುತ್ತದೆ. ಆದರೂ ಮಾರ್ವೆಲ್‌ನ ಹರ್ಕ್ಯುಲಿಸ್‌ಗೆ ಮುರಿಯಬಲ್ಲ ದೇಹವೊಂದಿದೆಯೆಂಬುದು ನಿಜಕ್ಕೂ ನಂಬಿಕೆಗೆ ಬಂದದ್ದು ಆ ಆಸ್ಪತ್ರೆಯಲ್ಲಿಯೇ.

6

2008ರಲ್ಲಿ ಗ್ರೆಗ್ ಪಾಕ್ ಮತ್ತು ಫ್ರೆಡ್ ವ್ಯಾನ್ ಲೆಂಟೆ ಬರೆಯತೊಡಗಿದ ‘ಇನ್‌ಕ್ರೆಡಿಬಲ್ ಹರ್ಕ್ಯುಲಿಸ್’ ಈ ಪಾತ್ರದ ಇತಿಹಾಸದಲ್ಲಿ ಅತ್ಯಂತ ಗಣನೀಯವಾದ ಮಾಲಿಕೆ. ಅದು ಹೊಸ ಸಂಖ್ಯೆಯಿಂದ ಆರಂಭವಾಗಲಿಲ್ಲ. ಹಲ್ಕ್‌ನ ಮಾಲಿಕೆಯೇ ಹೆಸರು ಬದಲಿಸಿಕೊಂಡು 113ನೆಯ ಸಂಚಿಕೆಯಿಂದ ಹರ್ಕ್ಯುಲಿಸ್‌ನದಾಯಿತು. ಪ್ರಕಾಶನದ ಅನುಕೂಲಕ್ಕಾಗಿ ನಡೆದ ಈ ವರ್ಗಾವಣೆಯಲ್ಲಿ, ಹಿಂದೆ ಹಲ್ಕ್‌ಗೆ ಹಂಚಿಹೋಗಿದ್ದ ಉನ್ಮಾದ ಹಳೆಯ ಒಡೆಯನಿಗೆ ಮರಳಿತೆಂದು ಹೇಳಬಹುದು. ಮೊದಲ ಕಥಾನಕದಲ್ಲಿಯೇ ಯುದ್ಧದೇವ ಏರೀಸ್ ಹೈಡ್ರಾ ಸರ್ಪದ ರಕ್ತ ಸವರಿದ ಬಾಣದಿಂದ ಹರ್ಕ್ಯುಲಿಸ್‌ನನ್ನು ಹೊಡೆಯುತ್ತಾನೆ. ಆ ವಿಷದಿಂದ ಬುದ್ಧಿ ಕಲಕಿ ಭೂತಕಾಲ ಅವನ ಕಣ್ಣೆದುರು ಮರುಕಳಿಸುತ್ತದೆ. ಹೈಡ್ರಾದ ವಿಷವೆಂಬುದು ಅಲಂಕಾರಕ್ಕಾಗಿ ತಂದದ್ದಲ್ಲ. ಹೆರಾಕ್ಲೀಸ್ ತಾನೇ ಕೊಂದ ಹಾವಿನ ವಿಷವನ್ನು ಬಾಣಗಳಿಗೆ ಸವರಿಕೊಂಡ. ಆ ಬಾಣದಿಂದ ಸತ್ತ ನೆಸ್ಸಸ್‌ನ ರಕ್ತ ತಾಗಿದ ಉಡುಪೇ ಅವನ ಮೈಯನ್ನು ಸುಟ್ಟು ಚಿತೆಯೇರಿಸಿತು. ಸೊಫೊಕ್ಲೀಸ್‌ನ ‘ಟ್ರಾಕಿಸ್‌ನ ಹೆಂಗಸರು’ ನಾಟಕದ ಬೆನ್ನೆಲುಬೇ ಇದು. ಪಾಕ್ ಮತ್ತು ವ್ಯಾನ್ ಲೆಂಟೆ ತಮ್ಮ ಆಕರಗಳನ್ನು ಎಚ್ಚರದಿಂದ ಓದಿದ್ದಾರೆ.

ಮಕ್ಕಳನ್ನು ಕೊಂದ ಸಂಗತಿಯನ್ನು ಈ ಮಾಲಿಕೆ ಮುಚ್ಚಿಡುವುದಿಲ್ಲ. ಆದರೆ ಅದರ ಸ್ವರ ದುರಂತದ್ದೂ ಅಲ್ಲ. ಜೊತೆಗಿರುವ ಅಮಡಿಯಸ್ ಚೋ ಎಂಬ ಹದಿಹರೆಯದ ಗಣಿತಪ್ರತಿಭೆ ಮಾತುಮಾತಿಗೆ ತಮಾಷೆ ಮಾಡುತ್ತಾನೆ. ಹೊಡೆತಗಳ ಸದ್ದನ್ನು ಸೂಚಿಸುವ ಅಕ್ಷರಗಳು ಸಹ ವಿನೋದದ ವಸ್ತುಗಳಾಗಿವೆ. ಮೊದಲ ಓದಿಗೆ ಈ ಬೆರಕೆ ಅನುಚಿತವೆಂದು ನನಗೆ ತೋರಿತ್ತು. ಬಿ.ಎಂ. ಶ್ರೀಯವರು ಸೊಫೊಕ್ಲೀಸ್‌ನ ‘ಅಯಾಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ (1929) ರಚಿಸಿದ ಕಾಲದಿಂದಲೂ ಉನ್ಮಾದ ಇಳಿದ ವೀರನ ಲಜ್ಜೆಯನ್ನು ಉದಾತ್ತ ಶೈಲಿಯಲ್ಲಿ ಮಾತ್ರ ಕೇಳಿ ಅಭ್ಯಾಸವಾದ ಕನ್ನಡ ಓದುಗನಿಗೆ ಹಾಗೆ ತೋರುವುದು ಸಹಜವೇ. ಆದರೆ ಹೆರಾಕ್ಲೀಸನ ವಿಷಯದಲ್ಲಿ ಪ್ರಹಸನವೂ ದುರಂತವೂ ಒಬ್ಬನನ್ನೇ ಹಂಚಿಕೊಂಡಿದ್ದವು. ‘ಆಲ್ಸೆಸ್ಟಿಸ್’ ಬರೆದವನೇ ‘ಹೆರಾಕ್ಲೀಸ್’ ಬರೆದ. ಅಥೆನ್ಸ್ ಬೇರೆ ಬೇರೆ ನಾಟಕಗಳಲ್ಲಿ ಇರಿಸಿದ್ದನ್ನು ಈ ಲೇಖಕರು ಒಂದೇ ಪುಟದಲ್ಲಿ ಇರಿಸಲು ಯತ್ನಿಸಿದರು. ಎಲ್ಲೆಡೆ ಯಶಸ್ವಿಯಾಗಲಿಲ್ಲ. ದೇವತೆಗಳ ಪಡೆ ಕಟ್ಟಿ ಅನ್ಯಗ್ರಹದ ದೇವರುಗಳ ಮೇಲೆ ಹೋಗುವಂಥ ಭಾಗಗಳಲ್ಲಿ ಹಾಸ್ಯ ಕೇವಲ ಚಟವಾಗುತ್ತದೆ. ಚೋ ಮತ್ತು ಹರ್ಕ್ಯುಲಿಸ್‌ರ ಸ್ನೇಹದಲ್ಲಿ ಮಾತ್ರ ಅದು ಬೇರೊಂದು ಗುಣ ಪಡೆಯುತ್ತದೆ. ಥೀಸ್ಯೂಸನ ಹೆಗಲು ಇಲ್ಲಿ ಒಬ್ಬ ಹುಡುಗನದು. ತನ್ನ ಮಕ್ಕಳನ್ನು ಕೊಂದ ಕೈಗಳ ಆಶ್ರಯದಲ್ಲಿ ಇನ್ನೊಬ್ಬರ ಮಗ ನಿರ್ಭಯನಾಗಿ ನಡೆಯುತ್ತಿದ್ದಾನೆ; ಅದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಓದುಗ ಮರೆಯಲಾರ.

2010ರಲ್ಲಿ 141ನೆಯ ಸಂಚಿಕೆಯೊಡನೆ ಮಾಲಿಕೆ ಮುಗಿದಾಗ ಹರ್ಕ್ಯುಲಿಸ್ ಸತ್ತನೆಂದೇ ಎಲ್ಲರೂ ಭಾವಿಸುತ್ತಾರೆ. ಧಾರಾವಾಹಿಯ ನಿಯಮದಂತೆ ಅದೇ ವರ್ಷ ಆರಂಭವಾದ ‘ಕೇಯಾಸ್ ವಾರ್’ನಲ್ಲಿ ಹಿಂದಿರುಗುತ್ತಾನೆ. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಅದರ ಮುಕ್ತಾಯದಲ್ಲಿ: ಹರ್ಕ್ಯುಲಿಸ್ ತನ್ನ ದೈವಶಕ್ತಿಯನ್ನು ಕಳೆದುಕೊಂಡು ಮರ್ತ್ಯನಾಗುತ್ತಾನೆ. ಪುರಾಣದಲ್ಲಿ ಮನುಷ್ಯ ಉರಿದು ದೇವರು ಉಳಿದ. ಇಲ್ಲಿ ದೇವರು ಉರಿದು ಮನುಷ್ಯ ಉಳಿದ. ಇದೇ ಲೇಖಕರು 2011ರಲ್ಲಿ ಆರಂಭಿಸಿದ ‘ಹರ್ಕ್’ ಎಂಬ ಮಾಲಿಕೆಯಲ್ಲಿ ಅವನು ನ್ಯೂಯಾರ್ಕ್‌ನ ಬ್ರೂಕ್‌ಲಿನ್‌ನಲ್ಲಿ ವಾಸಿಸುತ್ತಾನೆ. ಬಲವಿಲ್ಲದ್ದರಿಂದ ಆಯುಧಗಳನ್ನು ಅವಲಂಬಿಸಬೇಕಾಗಿದೆ. ಹೆಸರು ಕೂಡ ಅರ್ಧಕ್ಕಿಳಿದಿದೆ. 1965ರಿಂದ ಕಾಣೆಯಾಗಿದ್ದ ಅರ್ಧದೇವ ಕೊನೆಗೂ ಚಿತ್ರಕಥೆಗೆ ಬಂದದ್ದು ಇಲ್ಲಿ. ಆದರೆ ಮಾಲಿಕೆ ಒಂದು ವರ್ಷವೂ ಉಳಿಯಲಿಲ್ಲ. ಮುಂದಿನ ಕಥೆಗಳು ಅವನಿಗೆ ಶಕ್ತಿಯನ್ನು ಮರಳಿಸಿದವು. 2022ರ ‘ಥಾರ್: ಲವ್ ಆಂಡ್ ಥಂಡರ್’ ಚಲನಚಿತ್ರದ ಕೊನೆಯಲ್ಲಿ ಕ್ಷಣಕಾಲ ಕಾಣಿಸಿಕೊಳ್ಳುವವನು ಮತ್ತೆ ಝ್ಯೂಸ್‌ನ ಆಜ್ಞೆಗೆ ಕಾದು ನಿಂತ ಒಲಿಂಪಸ್‌ನ ಹರ್ಕ್ಯುಲಿಸ್.

ಬ್ರೂಕ್‌ಲಿನ್‌ನ ಆ ಕೆಲವೇ ಸಂಚಿಕೆಗಳನ್ನು ಈ ಪಾತ್ರದ ಸಮಗ್ರ ಚರಿತ್ರೆ ಬರೆಯುವವರು ಒಂದು ವಾಕ್ಯದಲ್ಲಿ ದಾಟಿಹೋಗುತ್ತಾರೆ. ಮರ್ತ್ಯನಾದ ಹರ್ಕ್ಯುಲಿಸ್ ಅಲ್ಲಿ ಹಿಡಿದುಕೊಂಡಿರುವುದು ಬಿಲ್ಲು, ಗದೆ, ಕತ್ತಿ, ಗುರಾಣಿಗಳಂಥ ಹಳೆಯ ಆಯುಧಗಳನ್ನು. ಪ್ರೇತಲೋಕದ ಕತ್ತಲಲ್ಲಿ ಒಡಿಸ್ಯೂಸ್ ಕಂಡ ಛಾಯೆಯ ಕೈಯಲ್ಲೂ ಬಿಲ್ಲು ಇತ್ತು.